ನಿನ್ನ ಅಮ್ಮನ ಹಲ್ಲಿನ ಅಚ್ಚು

ನನ್ನ ಪಿಟೀಲಿಗೆ,

ಮಂಡಿನೋವೊಂದನ್ನು ಬಿಟ್ಟರೆ ನಿನ್ನ ಅಪ್ಪ ಗಟ್ಟಿಯಾಗಿದ್ದಾನೆ. ನಿನ್ನ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ, ಹೋದ ಗುರುವಾರವಷ್ಟೇ ಮೈಕಿನ ಮುಂದೆ ನಿಂತಿದ್ದ ನಿನ್ನನ್ನು ಒಂದೂಕಾಲು ಗಂಟೆ ಕಣ್ಣಾರೆ ನೋಡಿ ಬಂದಿದ್ದೇನೆ. ಯಾವಾಗ, ಎಲ್ಲಿ ಅಂತ ಹುಬ್ಬೇರಿಸಬೇಡ, ಹೇಳುತ್ತೇನೆ. ಡಾಕ್ಟರೇಟ್ ಆದ, ಮೂವತ್ತೊಂಬತ್ತು ತುಂಬಿದ, ಕನ್ನಡಕ ಏರಿಸಿಕೊಂಡು ನೂರಾರು ಜನಕ್ಕೆ ಪಾಠ ಹೇಳುವ ಹೆಂಗಸನ್ನು ಇನ್ನೂ ಪಿಟೀಲು ಅಂತ ಕರೆಯುವುದು ಸರಿಯಲ್ಲ, ಗೊತ್ತು. ಹುಟ್ಟಿದ ಮೇಲೆ ಮೂರು ತಿಂಗಳು ಒಂದೇ ತಂತಿಯನ್ನು ಉಜ್ಜಿದ ಹಾಗೆ ಅತ್ತೆಯಲ್ಲ, ಅದಕ್ಕೆ ನಿನ್ನ ಅಮ್ಮ ಇಟ್ಟ ಹೆಸರು. ಅವಳು ಇಟ್ಟದ್ದನ್ನು ತೆಗೆಯೋಕೆ ನಾನು ಯಾರು?

ಪತ್ರದ ಜೊತೆ ಒಂದು ಪೆಟ್ಟಿಗೆ ಕಳಿಸಿದ್ದೇನೆ. ಅದನ್ನು ಆಮೇಲೆ ಬಿಚ್ಚು, ಮೊದಲು ಇದನ್ನು ಓದು. ಸುತ್ತಿ ಬಳಸಿ ಹೇಳಲು ಹೊರಟರೆ ನಡುದಾರಿಯಲ್ಲಿ ನನ್ನ ಧೈರ್ಯ ಮುಗಿದುಹೋದೀತು, ಅದಕ್ಕೇ ನೇರವಾಗಿ ಹೇಳಿಬಿಡುತ್ತೇನೆ. ಬರುವ ಶನಿವಾರ ವಿಚಾರ ಸಂಕಿರಣದಲ್ಲಿ, ಹೊರದೇಶಗಳಿಂದ ಬರುವ ಆ ದೊಡ್ಡ ವಿದ್ವಾಂಸರ ಮುಂದೆ, ನಿನ್ನ ಅಮ್ಮನ ಹಲ್ಲಿನ ಅಚ್ಚನ್ನು ಸಾಕ್ಷಿಯಾಗಿ ತೋರಿಸಬೇಡ. ಅದರ ಮುಂದಿನ ಎರಡು ಹಲ್ಲು ಅವಳದ್ದಲ್ಲ. ನಾನು ಮಾಡಿದ್ದು.

ಫೋನ್ ಮಾಡಬಹುದಿತ್ತು. ಮಾಡಿದ್ದರೆ ನೀನು "ಪರವಾಗಿಲ್ಲ ಬಿಡಪ್ಪ" ಅಂದುಬಿಡುತ್ತಿದ್ದೆ, ನಾನೂ ಬಿಟ್ಟುಬಿಡುತ್ತಿದ್ದೆ. ಚಿಕ್ಕಂದಿನಿಂದ ನನ್ನ ತಪ್ಪುಗಳನ್ನೆಲ್ಲ ಆ ಒಂದು ಮಾತಿನಲ್ಲಿ ಒರೆಸಿ ಹಾಕಿದವಳು ನೀನು. ಸೀದ ಹಾಲಿಗೂ, ಸೊಟ್ಟ ಜಡೆಗೂ, ಶಾಲೆಯ ನಾಟಕದ ದಿನ ನಾನು ಬರಲು ಮರೆತದ್ದಕ್ಕೂ ಅದೇ ಮಾತು. ಈ ಸಲ ಅದನ್ನು ಅನ್ನಬೇಡ.

ನಿನಗೆ ಅರ್ಧ ಗೊತ್ತಿರುವ ಕಥೆಯನ್ನು ಪೂರ್ತಿ ಹೇಳುತ್ತೇನೆ. ನಾನು ಹಲ್ಲಿನ ಸೆಟ್ ಮಾಡುವ ಕೆಲಸ ಕಲಿಯುತ್ತಿದ್ದಾಗ ನಮ್ಮ ಯಜಮಾನರು, "ಹತ್ತು ಜನರ ಬಾಯಿ ಅಳತೆ ತೆಗೆದು ತೋರಿಸದೆ ಗಿರಾಕಿಯನ್ನ ಮುಟ್ಟಬೇಡ" ಅಂದಿದ್ದರು. ಒಂಬತ್ತು ಬಾಯಿ ಹೇಗೋ ಸಿಕ್ಕವು. ಅಣ್ಣ, ಅತ್ತಿಗೆ, ಅಂಚೆಯವನು, ಹೀಗೆ ಯಾರು ನನ್ನಿಂದ ತಪ್ಪಿಸಿಕೊಳ್ಳಲಾರರೋ ಅವರು. ಹತ್ತನೆಯದಕ್ಕೆ ಎದುರಿನ ಹೊಲಿಗೆ ಅಂಗಡಿಯ ಹುಡುಗಿಯನ್ನು ಕೇಳಿದೆ. ತುಟಿಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಊರ ಸುದ್ದಿಯೆಲ್ಲ ಮಾತಾಡುತ್ತಿದ್ದವಳು. ಕತ್ತರಿ ಕೈಗೆಟುಕುವಷ್ಟರಲ್ಲೇ ಇದ್ದರೂ ದಾರವನ್ನು ಹಲ್ಲಿನಲ್ಲೇ ಕಡಿಯುವಳು. "ಹಲ್ಲು ಹಾಳಾಗುತ್ತೆ ಕಣ್ರೀ" ಅಂತ ನಾನು ಕಸುಬು ಬಲ್ಲವನ ಗತ್ತಿನಲ್ಲಿ ಹೇಳಿದ್ದಕ್ಕೆ, "ಹಾಳಾದ್ರೆ ನೀವಿದ್ದೀರಲ್ಲ" ಅಂದಿದ್ದಳು. ಆ ಮಾತನ್ನು ಹಿಡಿದುಕೊಂಡು ನಾನು ಒಂದು ವಾರ ಯಾವ ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ.

ಅಳತೆಗೆ ಒಪ್ಪಿದಳು. ಪುಡಿಯನ್ನು ನೀರಲ್ಲಿ ಕಲಸಿ, ಲಾಳದ ಆಕಾರದ ತಟ್ಟೆಯಲ್ಲಿ ತುಂಬಿ ಬಾಯೊಳಗಿಟ್ಟರೆ ಗಟ್ಟಿಯಾಗೋಕೆ ಮೂರು ನಿಮಿಷ ಬೇಕು. ಆ ಮೂರು ನಿಮಿಷ ಜೊಲ್ಲು ಸುರಿಸಿಕೊಂಡು, ತುಟಿಪಿಟಕ್ಕೆನ್ನದೆ ಕೂರಬೇಕು. ನಿನ್ನ ಅಮ್ಮ ತನ್ನ ಆಯುಷ್ಯದಲ್ಲಿ ಎಚ್ಚರವಾಗಿದ್ದು ಮೂರು ನಿಮಿಷ ಸುಮ್ಮನಿದ್ದದ್ದು ಅದೊಂದೇ ಸಲ. ನಾನು ಸಮಯ ನೋಡಿ, "ನನ್ನ ಮದುವೆ ಆಗ್ತೀರಾ" ಅಂತ ಕೇಳಿಬಿಟ್ಟೆ. ಅವಳು ಕಣ್ಣು ಕೆಕ್ಕರಿಸಿದಳು. ತಟ್ಟೆ ತೆಗೆದ ಮೇಲೆ ನಿಧಾನವಾಗಿ ಬಾಯಿ ಮುಕ್ಕಳಿಸಿ, ಕತ್ತಿನಲ್ಲಿದ್ದ ಅಳತೆ ಟೇಪಿನಿಂದ ನನ್ನ ಭುಜಕ್ಕೆ ಒಂದು ಬಾರಿಸಿ, "ಕೇಳೋದಾದ್ರೆ ಬಾಯಿ ಖಾಲಿ ಇರೋವಾಗ ಕೇಳ್ರೀ" ಅಂದಳು. ಮಾರನೇ ದಿನ ಹೋಗಿ ಕೇಳಿದೆ. ಆ ಅಳತೆಯೊಳಗೆ ಪ್ಲಾಸ್ಟರ್ ಹೊಯ್ದು ತೆಗೆದ ಹತ್ತನೇ ಅಚ್ಚನ್ನು ಮಾತ್ರ ಯಜಮಾನರಿಗೆ ಒಪ್ಪಿಸಲಿಲ್ಲ. ಒಡೆದುಹೋಯಿತು ಅಂತ ಸುಳ್ಳು ಹೇಳಿ, ಇನ್ನೊಂದು ಬಾಯಿ ಹುಡುಕಿ ಲೆಕ್ಕ ತುಂಬಿಸಿದೆ.

ನಿನಗೆ ಮೂರು ತುಂಬುವ ಮೊದಲೇ ಅವಳು ಹೋದಳು. ಒಂಬತ್ತು ದಿನದ ಜ್ವರ. ಉಳಿದದ್ದು ಎರಡು ಫೋಟೋ, ಎರಡರಲ್ಲೂ ಬಾಯಿ ಮುಚ್ಚಿದ್ದಾಳೆ. ಒಂದರಲ್ಲಿ ಫೋಟೋದವನು ಅಲ್ಲಾಡಬೇಡಿ ಅಂದಿದ್ದ, ಇನ್ನೊಂದರಲ್ಲಿ ನನ್ನ ಮೇಲೆ ಸಿಟ್ಟಿತ್ತು. ನೀನು ಆರೇಳು ವರ್ಷದವಳಿದ್ದಾಗ, "ಅಮ್ಮ ನಕ್ಕರೆ ಹೇಗೆ ಕಾಣ್ತಿದ್ಲು?" ಅಂತ ಕೇಳಿದ್ದೆ. ಊರವರಿಗೆಲ್ಲ ನಗು ಮಾಡಿಕೊಡುವವನು ನಾನು. ಅಮ್ಮನ ಹಲ್ಲಿನ ಅಚ್ಚು ಅಂಗಡಿಯಲ್ಲಿದೆ, ದೊಡ್ಡವಳಾದ ಮೇಲೆ ಕೊಡ್ತೀನಿ ಅಂದೆ. ನೀನು ಬೀಳಿಸಿಬಿಡುತ್ತೀಯ ಅನ್ನುವ ಹೆದರಿಕೆ. ನೀನು ಹೈಸ್ಕೂಲಿಗೆ ಹೋದೆ, ಕಾಲೇಜಿಗೆ ಹೋದೆ, ಊರು ಬಿಟ್ಟೆ. ಅಚ್ಚನ್ನಿಟ್ಟಿದ್ದ ಬಿಸ್ಕತ್ತು ಡಬ್ಬಿ ಅಂಗಡಿಯ ಮೇಲಿನ ಹಲಗೆಯಿಂದ ಇಳಿಯಲೇ ಇಲ್ಲ. ಇದೂ ನನ್ನದೇ ತಪ್ಪು.

ಹೋದ ವರ್ಷ ನೀನು ಹಳೆಯ ಊರೊಂದರ ಅಗೆತದ ಜಾಗದಿಂದ ಫೋನ್ ಮಾಡಿದ್ದು ನೆನಪಿದೆಯಾ? ಹಿಂದೆ ಗಾಳಿ, ಯಾರೋ ಬಕೆಟ್ ಎಳೆಯುವ ಸದ್ದು. "ಅಪ್ಪಾ, ಮೂರು ಸಾವಿರ ವರ್ಷದ ಹಿಂದಿನ ಹೆಂಗಸು ಒಬ್ಬಳು ಸಿಕ್ಕಿದ್ದಾಳೆ. ಮುಂದಿನ ಹಲ್ಲಿನಲ್ಲಿ ಆಳವಾಗಿ ಕಚ್ಚು ಬಿದ್ದಿದೆ, ಯಾರೋ ಅರದಿಂದ ಉಜ್ಜಿದ ಹಾಗೆ. ಏನಿರಬಹುದು?" ಅಂತ ಒಂದೇ ಉಸಿರಿಗೆ ಕೇಳಿದೆ. ಇಡೀ ವಿಶ್ವವಿದ್ಯಾಲಯವೇ ನನ್ನ ಅಂಗಡಿಯ ಬಾಗಿಲಿಗೆ ಬಂದು ನಿಂತ ಹಾಗಾಯಿತು. ಉಬ್ಬಿಹೋದೆ. "ದಾರ ಕಚ್ಚಿ ಕಚ್ಚಿ ಆಗಿರೋದು ಅದು. ನಿಮ್ಮಮ್ಮಂಗೂ ಹಾಗೇ ಇತ್ತಲ್ಲ" ಅಂದೆ. ಇತ್ತೇ? ಇತ್ತು ಅಂತಲೇ ನನ್ನ ನಂಬಿಕೆ. ಮೇಲಿನ ಸಾಲಿನಲ್ಲಿ, ಒಂದು ಸಣ್ಣ ಕಚ್ಚು. ಎಡಕ್ಕೋ ಬಲಕ್ಕೋ, ಎಷ್ಟು ಆಳವೋ ಅಂತ ಇವತ್ತು ಯಾರಾದರೂ ಕುತ್ತಿಗೆ ಹಿಡಿದು ಕೇಳಿದರೂ ಹೇಳಲಾರೆ. ಅವತ್ತು ಮಾತ್ರ ನಿನ್ನೆ ನೋಡಿದವನ ಹಾಗೆ ಹೇಳಿದೆ.

ನೀನು, "ಅಮ್ಮಂಗಾ?" ಅಂದೆ. ಆ ದನಿ ಕೇಳಿದ ಮೇಲೆ ನಾನು ಮಾತು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಮರುದಿನವೇ ನೀನು ಆ ಹೆಂಗಸಿನ ಹಲ್ಲಿನ ಫೋಟೋ ಕಳಿಸಿದೆ. ನಾನು ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೆಲಸದ ಮೇಜಿನ ಎದುರು ಗೋಡೆಗೆ ಅಂಟಿಸಿಕೊಂಡೆ. ಬಂದ ಗಿರಾಕಿಗಳಿಗೆಲ್ಲ, "ನನ್ನ ಮಗಳು ನೆಲದೊಳಗಿಂದ ತೆಗೆದಿದ್ದು" ಅಂತ ತೋರಿಸುವುದೇ ಕೆಲಸವಾಯಿತು. ಬಾಯಿ ತೆರೆದು ಕೂತವರು ಪಾಪ, ಹೂಂ ಅನ್ನದೆ ಏನು ಮಾಡುತ್ತಾರೆ? ಎರಡು ತಿಂಗಳು ಹಗಲೆಲ್ಲ ನನ್ನ ಕಣ್ಣೆದುರಿಗೆ ಆ ಕಚ್ಚು. ಆಗ ನೀನು ಅಮ್ಮನ ಅಚ್ಚು ಕಳಿಸಪ್ಪ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅಂದೆ.

ನಾನು ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಯಾವ ಕಾಲದಲ್ಲಿ ತೇವ ಹೊಕ್ಕಿತ್ತೋ ಏನೋ, ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಹಿಟ್ಟು ಹಿಟ್ಟಾಗಿ ಡಬ್ಬಿಯ ತಳದಲ್ಲಿ ಬಿದ್ದಿದ್ದವು.

ಇಲ್ಲಿ ನನ್ನ ಕಸುಬಿನ ಒಂದು ಚಾಳಿ ಹೇಳಬೇಕು. ನಲವತ್ತು ವರ್ಷದಲ್ಲಿ ನನ್ನ ಅಂಗಡಿಯಿಂದ ಒಂದೇ ಒಂದು ಬಾಯಿ ಸಂದು ಬಿಟ್ಟುಕೊಂಡು ಆಚೆ ಹೋಗಿಲ್ಲ. ಮುರಿದದ್ದು ಕಣ್ಣಿಗೆ ಬಿದ್ದರೆ ಕೈ ತಾನಾಗಿಯೇ ಸರಿಮಾಡಲು ಹೊರಡುತ್ತದೆ, ತಲೆಯನ್ನು ಒಂದು ಮಾತು ಕೇಳುವುದಿಲ್ಲ. "ಮೊದಲು ಹೇಗಿತ್ತೋ ಹಾಗೆ ಮಾಡಿಕೊಡಿ" ಅನ್ನುತ್ತಾರೆ ಬಂದವರು. ಮೊದಲು ಹೇಗಿತ್ತು ಅಂತ ಅವರಿಗೂ ನೆನಪಿರುವುದಿಲ್ಲ, ನಾನಂತೂ ನೋಡಿರುವುದೇ ಇಲ್ಲ. ನಾನು ಮಾಡಿಕೊಡುತ್ತೇನೆ, ಅವರು ಕನ್ನಡಿ ನೋಡಿ ಥೇಟ್ ಹಂಗೇ ಇದೆ ಅನ್ನುತ್ತಾರೆ. ಇಬ್ಬರಿಗೂ ಸಂತೋಷ. ಇಷ್ಟು ವರ್ಷ ಇದರಿಂದ ಯಾರಿಗೂ ಕೇಡಾಗಿರಲಿಲ್ಲ.

ಬೊಚ್ಚುಬಾಯಿಯ ಅಮ್ಮನನ್ನು ನಿನಗೆ ಕಳಿಸಲು ನನ್ನಿಂದಾಗಲಿಲ್ಲ. ಅದೇ ಮಧ್ಯಾಹ್ನ ಅಚ್ಚನ್ನು ನೀರಲ್ಲಿ ನೆನೆಸಿ, ಹೊಸ ಪ್ಲಾಸ್ಟರ್ ಕಲಸಿ ಹಚ್ಚಿ, ಸಣ್ಣ ಚಾಕು ಹಿಡಿದು ಕೂತೆ. ಹಲ್ಲಿನ ಆಕಾರ ಸಲೀಸಾಗಿ ಬಂತು. ಕಚ್ಚು ಕೊರೆಯುವ ಹೊತ್ತಿಗೆ ತಲೆ ಎತ್ತಿದರೆ ಎದುರಿಗೆ ನೀನು ಕಳಿಸಿದ ಫೋಟೋ. ಮಗಳೇ, ಅದನ್ನು ನೋಡಿಕೊಂಡು ಕೊರೆದೆ ಅಂತ ಹೇಳಲಾರೆ, ನೋಡದೆ ಕೊರೆದೆ ಅಂತಲೂ ಹೇಳಲಾರೆ. ಮುಗಿದಾಗ ನಿನ್ನ ಅಮ್ಮನ ಹಲ್ಲು ಮೂರು ಸಾವಿರ ವರ್ಷದ ಹಿಂದಿನ ಹೆಂಗಸಿನ ಹಲ್ಲಿಗೆ ಪಡಿಯಚ್ಚಾಗಿತ್ತು. ಅದನ್ನು ನೋಡಿ ನಾನು ಖುಷಿಪಟ್ಟೆ ಅಂದರೆ ನಂಬುತ್ತೀಯಾ? "ನಾನು ಹೇಳಿರಲಿಲ್ವಾ!" ಅಂತ ಖಾಲಿ ಅಂಗಡಿಯಲ್ಲಿ ಗಟ್ಟಿಯಾಗಿ ಅಂದೆ. ಹಳೆಯ ಬಣ್ಣ ಬರಲಿ ಅಂತ ಟೀ ನೀರು ಸವರಿ ಒಣಗಿಸಿದೆ.

ನಿಮ್ಮ ವಿಭಾಗದವರು ಒಂದು ಫಾರಂ ಕಳಿಸಿದ್ದರು. ಅಚ್ಚು ತೆಗೆದ ವರ್ಷ, ತೆಗೆದವರು ಯಾರು, ಯಾರ ಹಲ್ಲು. ಎಲ್ಲದಕ್ಕೂ ನಿಜವನ್ನೇ ಬರೆದೆ. ಕೊನೆಯಲ್ಲಿ, ದುರಸ್ತಿ ಏನಾದರೂ ಆಗಿದೆಯೇ ಅಂತ ಒಂದು ಸಾಲು. ಅದರ ಮುಂದೆ ಒಂದು ಅಡ್ಡಗೆರೆ ಎಳೆದೆ. ಸುಳ್ಳು ಅಂತ ಆಗ ಅನ್ನಿಸಲಿಲ್ಲ. ನಮ್ಮ ಕೆಲಸದಲ್ಲಿ ಇದನ್ನು ದುರಸ್ತಿ ಅಂತ ಯಾರೂ ಅನ್ನುವುದಿಲ್ಲ, ಫಿನಿಶಿಂಗ್ ಅನ್ನುತ್ತೇವೆ. ಆಮೇಲೆ ನೀನು ಅಳತೆ ಮಾಡಿದೆ, ಸೂಕ್ಷ್ಮದರ್ಶಕದಲ್ಲಿಟ್ಟೆ, ಆಳ ಇಷ್ಟು ಅಗಲ ಇಷ್ಟು ಅಂತ ತಿಂಗಳಿಗೊಮ್ಮೆ ಫೋನಿನಲ್ಲಿ ಹೇಳಿದೆ. ಎರಡೂ ಎಷ್ಟು ಹೋಲುತ್ತವೆ ಅಂದರೆ ನನಗೇ ನಂಬಕ್ಕೆ ಆಗ್ತಿಲ್ಲ ಅಪ್ಪ ಅಂದೆ. ಪ್ರತಿ ಸಲವೂ ನಾನು ನಿಜ ಹೇಳಬೇಕು ಅಂತ ಬಾಯಿ ತೆರೆಯುತ್ತಿದ್ದೆ, ಊಟ ಆಯ್ತಾ ಅಂತ ಕೇಳಿ ಮುಚ್ಚುತ್ತಿದ್ದೆ. ಇವತ್ತಿಗೆ ಆ ಅಡ್ಡಗೆರೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಆಗಿದೆ, ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಗುರುವಾರದ ಸಾರ್ವಜನಿಕ ಉಪನ್ಯಾಸದ ಕಾಗದದಲ್ಲಿ "ಎಲ್ಲರಿಗೂ ಸ್ವಾಗತ" ಅಂತ ಅಚ್ಚು ಹಾಕಿಸಿದ್ದರಲ್ಲ, ಆ ಎಲ್ಲರಲ್ಲಿ ನಾನೂ ಒಬ್ಬ ಅಂದುಕೊಂಡು ಹೇಳದೆ ಕೇಳದೆ ಬಸ್ಸು ಹತ್ತಿದೆ. ಮುಗಿದ ಮೇಲೆ ಎದುರಿಗೆ ಬಂದು ನಿನ್ನನ್ನು ಬೆಚ್ಚಿಬೀಳಿಸುವ ಆಸೆ. ಮೂರು ಗಂಟೆಯ ಪ್ರಯಾಣದಲ್ಲಿ ಇಸ್ತ್ರಿ ಅಂಗಿ ಮುದುರಿ ಮುದ್ದೆಯಾಯಿತು. ಸಭಾಂಗಣದ ಬಾಗಿಲಲ್ಲಿ ಒಬ್ಬಳು ಪುಸ್ತಕ ಮುಂದೆ ತಳ್ಳಿ, ಹೆಸರು ಮತ್ತು ಸಂಸ್ಥೆ ಬರೀರಿ ಅಂದಳು. ಸಂಸ್ಥೆ ಅನ್ನುವ ಕಡೆ "ಹಲ್ಲು" ಅಂತ ಬರೆದು ಒಳಗೆ ಹೋಗಿ, ಕೊನೆಯ ಸಾಲಿನಲ್ಲಿ, ಕೂತರೆ ಕಿರ್ರೆನ್ನುವ ಮಡಚು ಕುರ್ಚಿ ಹಿಡಿದೆ.

ನನಗೆ ಜನರನ್ನು ಬಾಯಿಂದ ಗುರುತಿಸುವ ರೋಗ ಇದೆಯಲ್ಲ. ಮುಂದಿನ ಸಾಲಿನಲ್ಲಿ ಪ್ರೊಫೆಸರುಗಳು, ಆಕಳಿಕೆಯನ್ನು ಬಾಯಿ ತೆರೆಯದೆ ಮುಗಿಸುವ ವಿದ್ಯೆ ಕಲಿತವರು. ಅವರ ಹಿಂದೆ ನಿವೃತ್ತರು, ಅರ್ಧಕ್ಕರ್ಧ ಜನರ ಬಾಯಲ್ಲಿರುವುದು ನನ್ನಂಥವನ ಕೈಕೆಲಸ. ನನ್ನ ಪಕ್ಕದಲ್ಲಿ ನೀರು ಸರಬರಾಜಿನ ನಿವೃತ್ತ ಇಂಜಿನಿಯರು. ಹದಿನಾಲ್ಕು ವರ್ಷದಿಂದ ಹಳೆಯ ಕಾಲದ ಬಗ್ಗೆ ಯಾರೇ ಮಾತಾಡಲಿ, ಒಂದು ಉಪನ್ಯಾಸವನ್ನೂ ತಪ್ಪಿಸಿಲ್ಲವಂತೆ. "ಮಾತು ಹೇಗಾದ್ರೂ ಇರಲಿ, ಬಿಸ್ಕತ್ತು ಚೆನ್ನಾಗಿರುತ್ತೆ" ಅಂತ ನನಗೆ ಧೈರ್ಯ ಹೇಳಿದರು.

ನೀನು ಬಂದೆ. ಪರದೆಯ ಮೇಲೆ ಒಂದೊಂದಾಗಿ ಚಿತ್ರ ತೋರಿಸುತ್ತ ಹೋದೆ. ಆ ಹಳೆಯ ಊರಿನ ಓಣಿಗಳು, ಮಸಿ ಹಿಡಿದ ಒಲೆಗಳು, ಅಂಗೈಯಗಲದ ಕಿಟಕಿಗಳು, ಒಂದು ಮಗುವಿನ ಹೆಜ್ಜೆಯ ಗುರುತು ಬಿದ್ದ ಇಟ್ಟಿಗೆ. ನೀನು ಹೇಳಿದ ರೀತಿಗೆ ಅಲ್ಲೇ ಒಂದು ಬಾಡಿಗೆ ಮನೆ ಹಿಡಿಯೋಣ ಅನ್ನಿಸಿತು. ಪಕ್ಕದ ಇಂಜಿನಿಯರು, "ಈ ಹುಡುಗಿ ಚೆನ್ನಾಗಿ ಹೇಳ್ತಾಳಲ್ರೀ" ಅಂದರು. ನನ್ನ ಮಗಳು ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಪರದೆಯ ಮೇಲೆ ಎರಡು ಹಲ್ಲು ಬಂದವು. ಎಡಕ್ಕೆ ಆ ಹಳೆಯ ಹೆಂಗಸಿನದ್ದು, ಬಲಕ್ಕೆ ನಿನ್ನ ಅಮ್ಮನದ್ದು. ಒಂದೊಂದೂ ಬಾಗಿಲಿನಷ್ಟು ಎತ್ತರ.

ಬಲಗಡೆಯ ಕಚ್ಚಿನೊಳಗೆ ಜೋಡಿ ಗೆರೆಗಳು ಕಂಡವು. ನೀನು ಕೆಂಪು ಬೆಳಕಿನ ಚುಕ್ಕೆಯನ್ನು ಅವುಗಳ ಮೇಲೆ ಓಡಿಸುತ್ತ, "ಇವು ದಾರ ಎಳೆದ ಗುರುತುಗಳು. ನಮ್ಮ ಕಾಲದಲ್ಲಿ ಬದುಕಿದ್ದ ಒಬ್ಬ ಹೊಲಿಗೆಯವರ ಹಲ್ಲಿನಿಂದ ಅಚ್ಚಿಗೆ ಇಳಿದವು" ಅಂದೆ. ಆ ಜೋಡಿ ಗೆರೆಯನ್ನು ನಾನು ಎಲ್ಲಿ ಬೇಕಾದರೂ ಗುರುತಿಸುತ್ತೇನೆ. ನನ್ನ ಸಣ್ಣ ಚಾಕುವಿನ ಅಲಗು ಒಂದು ಕಡೆ ಮುಕ್ಕಾಗಿದೆ, ಎಳೆದಲ್ಲೆಲ್ಲ ಒಂದು ಗೆರೆಯ ಬದಲು ಎರಡು ಬೀಳುತ್ತವೆ. ಇಪ್ಪತ್ತು ವರ್ಷದಿಂದ ಬದಲಾಯಿಸಬೇಕು ಅಂದುಕೊಳ್ಳುತ್ತಲೇ ಇದ್ದೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಜೇಬು ಮುಟ್ಟಿ ನೋಡಿಕೊಂಡೆ, ಚಾಕು ಅಂಗಡಿಯಲ್ಲೇ ಇದೆ ಅಂತ ಗೊತ್ತಿದ್ದೂ.

ಪ್ರಶ್ನೆಗಳು ಶುರುವಾದವು. ಮೊದಲು ಒಬ್ಬರು ಎದ್ದು, "ಇದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ" ಅಂತ ಏಳು ನಿಮಿಷ ಮಾತಾಡಿದರು. ಅಧ್ಯಕ್ಷರು ಗಂಟೆ ಬಾರಿಸಿ ಕೂರಿಸಿದರು. ಆಮೇಲೆ ಒಬ್ಬ ಹೆಂಗಸು, "ಬಲಗಡೆ ಹಲ್ಲು ಯಾರದ್ದು ಅಂತ ಗೊತ್ತಾ ನಿಮಗೆ?" ಅಂತ ಕೇಳಿದರು. ನಾನು ಆಗ ಎದ್ದು ಹೇಳಬೇಕಿತ್ತು. ಕೈ ಅರ್ಧ ಮೇಲೆ ಹೋಗಿಯೂ ಇತ್ತು. ನೀನು, "ನನ್ನ ಅಮ್ಮನದ್ದು" ಅಂದೆ. ಹಾಗಂದು, ಜನರಿಗೆ ಬೆನ್ನು ಹಾಕಿ, ಪರದೆಯನ್ನೇ ನೋಡುತ್ತ ನಿಂತೆ. ಉಪನ್ಯಾಸ ಕೊಡುವವರು ಅಷ್ಟು ಹೊತ್ತು ಹಾಗೆ ನಿಲ್ಲುವುದಿಲ್ಲ. ನನ್ನ ಮಗಳು ಕೊನೆಗೂ ಅವಳ ಅಮ್ಮನನ್ನು ನೋಡುತ್ತಿದ್ದಾಳೆ ಅನ್ನಿಸಿತು. ನೀನು ನೋಡುತ್ತಿದ್ದದ್ದು ನನ್ನ ಮುಕ್ಕು ಚಾಕುವಿನ ಗೆರೆಗಳನ್ನು. ಕೈ ಇಳಿಸಿಬಿಟ್ಟೆ.

ಚಹಾದ ಹೊತ್ತಿಗೆ ನಿನ್ನ ಸುತ್ತ ಜನ ಮುತ್ತಿಕೊಂಡಿದ್ದರು. ನಾನು ಪಕ್ಕದ ಬಾಗಿಲಿನಿಂದ ಹೊರಬಿದ್ದು ಬಸ್ಸು ಹಿಡಿದೆ. ಬಸ್ಸಿನಲ್ಲಿ ಅತ್ತೆ. ಪಕ್ಕದಲ್ಲಿ ಕೂತವರು ಹಲ್ಲುನೋವಾ ಅಂತ ಕೇಳಿದರು. ಹೌದು ಅಂದೆ.

ಸುಮ್ಮನಿದ್ದುಬಿಡು, ಯಾರಿಗೆ ಗೊತ್ತಾಗುತ್ತೆ ಅಂತ ಒಂದು ಮನಸ್ಸು ಹೇಳಿತು. ದಾರಿಯುದ್ದಕ್ಕೂ ಅದರ ಜೊತೆ ಜಗಳವಾಡಿದೆ. ಗುರುವಾರದ್ದು ಊರವರ ಸಭೆ, ಕೇಳಿದರು, ಚಹಾ ಕುಡಿದರು, ಹೋದರು. ಶನಿವಾರದ್ದು ಹಾಗಲ್ಲ. ಅಲ್ಲಿ ಓದಿದ್ದು ಪುಸ್ತಕವಾಗುತ್ತದೆ ಅಂತ ನೀನೇ ಹೇಳಿದ್ದೆ. ನಾಳೆ ಯಾವುದೋ ದೇಶದಲ್ಲಿ ಇನ್ಯಾರ ಮಗಳೋ ಒಂದು ಹಲ್ಲು ಕೈಯಲ್ಲಿ ಹಿಡಿದು, ನಿನ್ನ ಪುಟ ತೆಗೆದು, ನನ್ನ ಕೈಚಳಕವನ್ನು ನಿಜ ಅಂತ ನಂಬುತ್ತಾಳೆ. ಇಲ್ಲದಿದ್ದರೆ, ಅದು ಇನ್ನೂ ಕೆಟ್ಟದ್ದು, ಚುರುಕು ಕಣ್ಣಿನವರು ಯಾರೋ ಒಬ್ಬರು ಇದು ಚಾಕುವಿನ ಗೆರೆ ಅಂತ ಕಂಡುಹಿಡಿಯುತ್ತಾರೆ. ಆಮೇಲೆ ನಿನ್ನ ಹದಿನೈದು ವರ್ಷದ ದುಡಿಮೆಯನ್ನೆಲ್ಲ ಮೂಸಿ ನೋಡುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯದೆ ಪುಡಿ, ತಟ್ಟೆ, ನೀರಿನ ಬಾಟಲಿ ಹಿಡಿದುಕೊಂಡು ಹಿಂದಿನ ಬೀದಿಯ ದರ್ಜಿಗಳ ಸಾಲಿಗೆ ಹೋದೆ. "ನಿಮ್ಮ ಬಾಯಿ ಬೇಕಿತ್ತು" ಅಂದೆ. ಮೊದಲನೆಯವನು ಕಿಟಕಿ ಪರದೆಗಳನ್ನು ಹೊಲಿಯುವವನು, ಜಗಳಕ್ಕೆ ಬಂದಿದ್ದೇನೆ ಅಂತಲೇ ತಿಳಿದುಕೊಂಡ. ಚಿಕ್ಕ ವಯಸ್ಸಿನವರಿಂದ ಉಪಯೋಗವಿಲ್ಲ, ಅವರೆಲ್ಲ ಬೆರಳಿಗೆ ಪುಟ್ಟ ಕತ್ತರಿ ಸಿಕ್ಕಿಸಿಕೊಂಡಿರುತ್ತಾರೆ. ಹಳಬರು ಐವರು ಒಪ್ಪಿದರು. ಅದರಲ್ಲಿ ಕೋಟಿನ ದರ್ಜಿ, "ನನ್ನ ಬಾಯಲ್ಲಿರೋದು ನಿಮ್ದೇ ಹಲ್ಲಲ್ವಾ ಸ್ವಾಮಿ, ಅಳತೆ ನಿಮ್ಮ ಹತ್ರಾನೇ ಇರುತ್ತೆ" ಅಂದ. ಉಳಿದದ್ದು ನಾಲ್ಕು. ನಾಲ್ವರಲ್ಲಿ ಹಿರಿಯಳು ಗುಂಡಿ ಅಜ್ಜಿ. ಎಪ್ಪತ್ತೆಂಟು ವರ್ಷ, ಈಗಲೂ ದಿನವಿಡೀ ಗುಂಡಿ ಹೊಲಿಯುತ್ತಾಳೆ, ಮುಂದಿನ ಹಲ್ಲುಗಳೆಲ್ಲ ಸ್ವಂತದ್ದು. ತಟ್ಟೆ ಬಾಯಲ್ಲಿರುವಾಗಲೂ ಹೊಲಿಯುತ್ತಲೇ ಇದ್ದಳು.

ಆ ನಾಲ್ಕು ಅಚ್ಚುಗಳೇ ಪೆಟ್ಟಿಗೆಯಲ್ಲಿರುವುದು. ಯಾರದ್ದು, ಎಷ್ಟು ವರ್ಷ ದಾರ ಕಚ್ಚಿದರು, ಯಾವತ್ತು ತೆಗೆದದ್ದು ಅಂತ ಒಂದೊಂದಕ್ಕೂ ಚೀಟಿ ಕಟ್ಟಿದ್ದೇನೆ. ಒಂದಕ್ಕೂ ಚಾಕು ತಾಗಿಸಿಲ್ಲ. ಮೂರನೆಯದರಲ್ಲಿ ಗಾಳಿಗುಳ್ಳೆ ಸೇರಿ ದವಡೆ ಹಲ್ಲಿನಲ್ಲಿ ತೂತು ಬಿದ್ದಿದೆ. ಅದನ್ನು ಮುಚ್ಚದೆ ಬಿಡಲು ನಾನು ಪಟ್ಟ ಪಾಡು ನನಗೇ ಗೊತ್ತು. ಕೈಯನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಯೊಳಗೆ ಎರಡು ಸುತ್ತು ತಿರುಗಿ ಬಂದೆ.

ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಇಬ್ಬರಿಗೆ ಕಚ್ಚೇ ಇಲ್ಲ, ನಲವತ್ತು ವರ್ಷ ದಾರ ಕಡಿದಿದ್ದರೂ. ಒಬ್ಬರಿಗೆ ಒಂದು ಹಲ್ಲಿನ ಮೂಲೆ ಸವೆದಿದೆ. ಗುಂಡಿ ಅಜ್ಜಿಗೆ ಮಾತ್ರ ಒಂದು ಕಚ್ಚು, ಉಗುರಿನ ತುದಿ ನಿಲ್ಲುವಷ್ಟು. ನಾನು ಕೊರೆದಂಥದ್ದು ಯಾರ ಬಾಯಲ್ಲೂ ಇಲ್ಲ. ನಿನ್ನ ಹಳೆಯ ಹೆಂಗಸಿನ ಫೋಟೋವನ್ನು ಅಜ್ಜಿಗೆ ತೋರಿಸಿದೆ. ಕನ್ನಡಕ ಒರೆಸಿಕೊಂಡು ನೋಡಿ, "ಇವಳು ದಾರ ಕಡಿದೋಳಲ್ಲ ಕಣಪ್ಪ. ಏನನ್ನೋ ಹಲ್ಲಿನ ಮೇಲೆ ಎಳೀತಿದ್ಲು, ದಿನಾ, ವರ್ಷಗಟ್ಟಲೆ" ಅಂದಳು. ಅದು ಸರಿಯೋ ತಪ್ಪೋ ನಾನು ಹೇಳುವುದಿಲ್ಲ. ಒಂದು ಸಲ ಬಾಯಿ ಹಾಕಿ ಆಗಿರುವ ಅನಾಹುತ ಸಾಕು. ಅಜ್ಜಿಯ ಮಾತನ್ನು ಅಜ್ಜಿಯ ಮಾತು ಅಂತಲೇ ಚೀಟಿಯಲ್ಲಿ ಬರೆದಿದ್ದೇನೆ. ಹೊಸದೊಂದು ಫಾರಂ ಕೂಡ ತುಂಬಿ ಇಟ್ಟಿದ್ದೇನೆ. ದುರಸ್ತಿ ಅನ್ನುವ ಕಡೆ, "ಆಗಿದೆ. ಮೇಲಿನ ಮುಂದಿನ ಎರಡು ಹಲ್ಲು. ಮಾಡಿದವನು ನಾನು, ಹಳೆಯ ಹಲ್ಲಿನ ಫೋಟೋ ಎದುರಿಗಿತ್ತು" ಅಂತ ಬರೆದು ಸಹಿ ಹಾಕಿದ್ದೇನೆ.

ಶನಿವಾರಕ್ಕೆ ನೀನು ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು. ನಿನ್ನ ವಿದ್ಯೆ ನನಗೆ ತಿಳಿಯದು. ಆ ಹಳೆಯ ಹೆಂಗಸನ್ನು ಮಾತ್ರ ನನ್ನ ದೆಸೆಯಿಂದ ಕೈಬಿಡಬೇಡ, ಅವಳ ಹಲ್ಲಿಗೆ ಯಾರೂ ಚಾಕು ಹಚ್ಚಿಲ್ಲ. ಗುರುವಾರ ಕೇಳಿದವರಿಗೂ ಶನಿವಾರ ಬರುವವರಿಗೂ ಆದ ತಪ್ಪನ್ನು ಹೇಳಲೇಬೇಕು ಅಂತ ನಿನಗೆ ಅನ್ನಿಸಿದರೆ, ನೀನು ಹೇಳಬೇಡ, ಆ ಮಾತು ನನ್ನದು. ನಾನು ಬಂದಿರುತ್ತೇನೆ, ಎದ್ದು ನಿಂತು ಹೇಳುತ್ತೇನೆ. ಗಂಟೆ ಬಾರಿಸುವ ಮೊದಲೇ ಮುಗಿಸುತ್ತೇನೆ. ಕಾಲು ನಡುಗುತ್ತದೆ ಅನ್ನುವುದು ನಿಜ, ಮಂಡಿನೋವು ಅಂತ ಜನ ತಿಳಿದುಕೊಳ್ಳಲಿ.

ನನಗೆ ಹೆದರಿಕೆ ಇರುವುದು ವಿದ್ವಾಂಸರದ್ದಲ್ಲ. ನಿನಗೆ ಕೊಟ್ಟ ಅಮ್ಮನನ್ನು ನಾನೇ ಕಿತ್ತುಕೊಂಡ ಹಾಗಾಯಿತಲ್ಲ ಅಂತ. ಈ ಪತ್ರ ಓದಿದ ಮೇಲೆ ನೀನು ಆ ಅಚ್ಚನ್ನು ಕಪಾಟಿನೊಳಗೆ ತಳ್ಳಿ, ಅಪ್ಪ ಮಾಡಿದ ಸುಳ್ಳು ಅಂತ ಬೀಗ ಹಾಕಿಬಿಟ್ಟರೆ ನಾನು ತಡೆದುಕೊಳ್ಳಲಾರೆ. ಹಾಗೆ ಮಾಡುವ ಮೊದಲು ಒಂದು ಸಲ ಅದನ್ನು ಕೈಗೆ ತೆಗೆದುಕೋ. ಬಾಗಿಲು ಹಾಕಿಕೋ, ಸೂಕ್ಷ್ಮದರ್ಶಕ ಬೇಡ. ಮುಂದಿನ ಎರಡು ಹಲ್ಲಿನ ಹಿಂಭಾಗದಲ್ಲಿ ಉಗುರು ಆಡಿಸು. ಕೂದಲೆಳೆಯಷ್ಟು ಸಣ್ಣ ಏಣು ಸಿಗುತ್ತದೆ, ನಾನು ಎಷ್ಟು ಉಜ್ಜಿದರೂ ಹೋಗಲಿಲ್ಲ. ಹೊಸ ಪ್ಲಾಸ್ಟರ್ ಅಲ್ಲಿಗೆ ಮುಗಿಯಿತು. ಅದರಿಂದ ಈಚೆಗಿರುವುದು ನಾನು. ಆಚೆಗೆ ನಾನು ಏನನ್ನೂ ಮುಟ್ಟಿಲ್ಲ. ಎಡಗಡೆ ಸ್ವಲ್ಪ ತಿರುಗಿ ಹುಟ್ಟಿದ ಕೋರೆಹಲ್ಲು, ಹಿಂದೆ ಜಾಗ ಸಾಲದೆ ಒತ್ತರಿಸಿ ನಿಂತ ದವಡೆ ಹಲ್ಲುಗಳು, ಅಂಗುಳಿನ ಮೇಲಿನ ಏರುತಗ್ಗಿನ ಗೆರೆಗಳು. ಅಂಗುಳಿನ ಗೆರೆ ಒಬ್ಬರದ್ದು ಇನ್ನೊಬ್ಬರಿಗೆ ಇರುವುದಿಲ್ಲ ಮಗಳೇ, ಅದನ್ನು ಯಾವ ಕೆಲಸಗಾರನೂ ಊಹಿಸಿ ಕೊರೆಯಲಾರ. ಬೆರಳನ್ನು ಆ ಏಣು ದಾಟಿಸಿ ಒಳಗೆ ಸರಿಸು. ಅಲ್ಲಿಂದ ಆಚೆ ಎಲ್ಲ ನಿನ್ನ ಅಮ್ಮ.

ನಿನ್ನ ಮಾತು ನೆಟ್ಟಗಿರಲಿ, ನಿನ್ನ ದಾರಿಯಲ್ಲಿ ನನ್ನಂಥ ಜಾಣರು ಕಡಿಮೆ ಸಿಗಲಿ, ನೆಲ ನಿನಗೆ ನಿಜವನ್ನೇ ಕೊಡಲಿ.

ಶನಿವಾರ ಕೊನೆಯ ಸಾಲಿನಲ್ಲಿ ಕೂತಿರುವ,
ನಿನ್ನ ಅಪ್ಪ